ಬರಿಗಾಲಿನ ಒಲಿಂಪಿಯನ್ ಅಹ್ಮದ್ ಖಾನ್

ಸುಬ್ರಹ್ಮಣ್ಯಪುರದ ಸುತ್ತಮುತ್ತ ಒಂದು ಖಾಲಿ ಸೈಟ್ ಸಿಕ್ಕರೆ ಹುಡುಗರು ಮೊದಲು ನೆಡುವುದು ವಿಕೆಟ್. ನಾನು ಮಾತ್ರ ಫುಟ್‌ಬಾಲ್ ಹುಚ್ಚಿನವನು. ಅದಕ್ಕೇ ಈ ಸಂಚಿಕೆಗೆ ನಮ್ಮ ಬೆಂಗಳೂರಿನವರೇ ಆದ ಅಹ್ಮದ್ ಖಾನ್ ಸಾಹೇಬರ ಬಗ್ಗೆ ಬರೆಯುತ್ತಿದ್ದೇನೆ.

ಅವರು ಹುಟ್ಟಿದ್ದು 1926ರ ಡಿಸೆಂಬರ್ 24ರಂದು, ಫುಟ್‌ಬಾಲ್ ಆಡುವ ಮನೆತನದಲ್ಲಿ. ಆಗ ಬೆಂಗಳೂರು ಮುಸ್ಲಿಮ್ಸ್ ತಂಡಕ್ಕೆ ದೊಡ್ಡ ಹೆಸರಿತ್ತು. ಬ್ರಿಟಿಷ್ ಪಲ್ಟನ್‌ಗಳ ಸ್ವತ್ತಿನಂತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದ ಮೊದಲ ಭಾರತೀಯ ತಂಡ ಅದು. ಅಹ್ಮದ್ ಬೆಳೆದದ್ದು ಇಂಥ ಊರಿನಲ್ಲಿ.

1948ರ ಲಂಡನ್ ಒಲಿಂಪಿಕ್ಸ್ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್. ನಮ್ಮ ತಂಡದಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದರು, ಅಹ್ಮದ್ ಕೂಡ. ಫ್ರಾನ್ಸ್ ಎದುರು ಎರಡು ಪೆನಾಲ್ಟಿ ಕೈತಪ್ಪಿ, 2–1ರಿಂದ ಸೋತೆವು. ನಮ್ಮ ಒಂದು ಗೋಲು ಹೊಡೆದವರು ಮೈಸೂರು ಸಂಸ್ಥಾನದ ಸಾರಂಗಪಾಣಿ ರಾಮನ್.

1949ರಲ್ಲಿ ಅಹ್ಮದ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ದೇಶ ಒಡೆದ ಗಾಯ ಇನ್ನೂ ಹಸಿಯಾಗಿತ್ತು. ಪೂರ್ವ ಬಂಗಾಳದಲ್ಲಿ ಮನೆಮಠ ಬಿಟ್ಟು ಬಂದ ಹಿಂದೂ ಕುಟುಂಬಗಳೇ ಆ ಕ್ಲಬ್ಬಿನ ಬೆನ್ನೆಲುಬು. ತಂಡದ ಮುಂಚೂಣಿಯ ಐವರು ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇಹ್ ಮತ್ತು ಅಹ್ಮದ್. ಜನ ಅವರನ್ನು ಪಂಚಪಾಂಡವರು ಎಂದು ಕರೆದರು. ಆ ಪಾಂಡವರಲ್ಲಿ ಇಬ್ಬರು ಮುಸ್ಲಿಮರು! 1949, 1950, 1951, ಹೀಗೆ ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ಆ ಕ್ಲಬ್ಬಿನ ಪಾಲಾಯಿತು.

1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು ಸೋಲಿಸಿ ಚಿನ್ನ ಗೆದ್ದ ತಂಡದಲ್ಲೂ ಅಹ್ಮದ್ ಇದ್ದರು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ನಮ್ಮನ್ನು 10–1ರಿಂದ ಬಗ್ಗುಬಡಿಯಿತು. ಆ ಒಂದು ಗೋಲು ಅಹ್ಮದ್ ಅವರದು. ಪಂದ್ಯ ಕೈಬಿಟ್ಟುಹೋದ ಮೇಲೂ, ಕೊನೆಯ ಗಳಿಗೆಯಲ್ಲಿ ಹೊಡೆದದ್ದು. ಆ ಸೋಲಿನ ನಂತರ ಭಾರತದಲ್ಲಿ ಬೂಟು ಕಡ್ಡಾಯವಾಯಿತು. ಬರಿಗಾಲಿನ ಕಾಲ ಮುಗಿಯಿತು, ಆದರೆ ಅಹ್ಮದ್ ಮುಗಿಯಲಿಲ್ಲ. 1950ರ ದಶಕದ ಕೊನೆಯವರೆಗೂ ಈಸ್ಟ್ ಬೆಂಗಾಲ್‌ಗೆ ಆಡಿದರು. 2017ರ ಆಗಸ್ಟ್ 27ರಂದು ಬೆಂಗಳೂರಿನಲ್ಲೇ ತೀರಿಕೊಂಡರು. ಅಲ್ಲಾಹನು ಅವರಿಗೆ ಮಗ್ಫಿರತ್ ನೀಡಲಿ.

ನನ್ನ ಹೆಸರು ಕೇಳಿದ ಮೇಲೆ ಊರು ಯಾವುದು ಎನ್ನುವವರಿದ್ದಾರೆ. ಬೆಂಗಳೂರು ಎಂದರೆ, ಮೂಲ ಯಾವುದು ಎಂದು ಮತ್ತೆ ಕೇಳುತ್ತಾರೆ. ಮೊದಲು ನನಗೆ ಉತ್ತರ ಹೊಳೆಯುತ್ತಿರಲಿಲ್ಲ. ಈಗ ಅಹ್ಮದ್ ಖಾನರ ಊರು ಎನ್ನುತ್ತೇನೆ. ಯಾರವರು ಎಂದು ಕೇಳಿದರೆ ಇನ್ನೂ ಒಳ್ಳೆಯದು, ಕಥೆ ಶುರುಮಾಡಬಹುದು.