ಆಟದ ಆಚಾರ್ಯೆ ನೀವಾ ಬಾಯ್ಡ್

ವಿದ್ಯಾಲಯಗಳಲ್ಲಿ ತರ್ಕಕ್ಕೆ ಪೀಠವುಂಟು, ವ್ಯಾಕರಣಕ್ಕೆ ಪೀಠವುಂಟು. ಆಟಕ್ಕೂ ಉಂಟೆ ಎಂದು ಕೇಳಿದರೆ ಹಿರಿಯರು ನಕ್ಕಾರು. ಆ ನಗೆಯನ್ನು ಲೆಕ್ಕಿಸದೆ, ಮಕ್ಕಳ ಆಟವನ್ನು ಸಮಾಜಶಾಸ್ತ್ರದ ತರಗತಿಗೂ ರೋಗಿಯ ಹಾಸಿಗೆಯ ಬಳಿಗೂ ಕೊಂಡೊಯ್ದವರು ಅಮೆರಿಕದ ನೀವಾ ಬಾಯ್ಡ್. ಅಧ್ಯಾಪಕವೃತ್ತಿಯಲ್ಲಿರುವ ನನಗೆ ಆಕೆಯ ಜೀವನ ಬಹುಕಾಲದಿಂದ ಮನನದ ವಸ್ತುವಾಗಿದೆ.

1876ರಲ್ಲಿ ಅಯೋವಾ ಪ್ರಾಂತದ ಸ್ಯಾನ್‌ಬಾರ್ನ್ ಎಂಬ ಊರಿನಲ್ಲಿ ಹುಟ್ಟಿದ ಬಾಯ್ಡ್, ಶಿಶುವಿಹಾರದ ಶಿಕ್ಷಣಕ್ರಮವನ್ನು ಕಲಿಯಲು ಷಿಕಾಗೋ ನಗರಕ್ಕೆ ಬಂದರು. ಅದು ಕಾರ್ಖಾನೆಗಳ ನಗರ. ಹೊಟ್ಟೆಪಾಡಿಗಾಗಿ ಇಟಲಿ, ಗ್ರೀಸ್, ಬೊಹೀಮಿಯ, ರಷ್ಯಗಳಿಂದ ಬಂದು ನೆಲೆಸಿದವರ ಕೇರಿಗಳಲ್ಲಿ ಒಬ್ಬರ ಮಾತು ಮತ್ತೊಬ್ಬರಿಗೆ ತಿಳಿಯದು. ಅಂಥ ಕೇರಿಯ ನಡುವೆ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ 1889ರಲ್ಲಿ ಹಲ್ ಹೌಸ್ ಎಂಬ ಸೇವಾಕೇಂದ್ರವನ್ನು ತೆರೆದಿದ್ದರು. ಈ ನಗರದ ಕೇರಿಗಳೇ ಬಾಯ್ಡರ ಕಾರ್ಯಕ್ಷೇತ್ರವಾದವು. ಮಾತು ಕೂಡಿಸಲಾರದವರನ್ನು ಆಟ ಕೂಡಿಸಬಲ್ಲದೆಂಬುದನ್ನು ಅವರು ಕಂಡುಕೊಂಡರು. ಡೆನ್ಮಾರ್ಕ್, ಸ್ವೀಡನ್, ಬೊಹೀಮಿಯಗಳ ಜನಪದ ಆಟಗಳನ್ನು ಜೊತೆಗಾರರೊಡನೆ ಸಂಗ್ರಹಿಸಿ ಪ್ರಕಟಿಸಿದರು.

ಆಟವಾಡಿಸುವುದೂ ಒಂದು ವಿದ್ಯೆ. ಅದನ್ನು ಕಲಿತೇ ಆ ಕೆಲಸಕ್ಕೆ ಕೈಹಾಕಬೇಕು ಎಂಬುದು ಅವರ ನಿಲುವು. ಅದಕ್ಕಾಗಿ 1911ರಲ್ಲಿ ಆಟದ ಮೈದಾನಗಳ ಕಾರ್ಯಕರ್ತರಿಗೆ ಷಿಕಾಗೋದಲ್ಲಿ ಒಂದು ತರಬೇತಿ ಶಾಲೆಯನ್ನು ಸ್ಥಾಪಿಸಿದರು. ಮುಂದೆ 1920ರ ದಶಕದಲ್ಲಿ ಹಲ್ ಹೌಸಿನಲ್ಲಿಯೇ ಅವರ ಮನೋರಂಜನಾ ಶಿಕ್ಷಣ ಶಾಲೆ ನಡೆಯಿತು. 1927ರಿಂದ 1941ರವರೆಗೆ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗದಲ್ಲಿ ಅಧ್ಯಾಪಕಿಯಾಗಿದ್ದರು. ಹೀಗೆ, ಬೀದಿಯ ಆಟ ವಿಶ್ವವಿದ್ಯಾಲಯದ ಹೊಸ್ತಿಲನ್ನು ದಾಟಿತು.

ಆದರೆ ಈ ವಿದ್ಯೆಯ ಪರೀಕ್ಷೆ ನಡೆದದ್ದು ಆಸ್ಪತ್ರೆಗಳಲ್ಲಿ. ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡು ಮರಳಿದ ಸೈನಿಕನಿಗೆ ವೈದ್ಯನು ಗಾಯವನ್ನು ಮಾಯಿಸಿಕೊಡಬಲ್ಲ. ದಿನವಿಡೀ ಮಾಡನ್ನೇ ನೋಡುತ್ತ ಮಲಗಿದವನ ಮನಸ್ಸಿಗೆ ಮದ್ದೇನು? ಬಾಯ್ಡ್ 1919ರಲ್ಲಿ ಆಸ್ಪತ್ರೆಯಲ್ಲಿಯೂ ಹಾಸಿಗೆಯ ಪಕ್ಕದಲ್ಲಿಯೂ ಆಡಬಹುದಾದ ಆಟಗಳ ಕಿರುಹೊತ್ತಗೆಯೊಂದನ್ನು ಹೊರತಂದರು. 1941ರ ಅನಂತರ ಇಲಿನಾಯ್ ರಾಜ್ಯದ ಕಲ್ಯಾಣ ಇಲಾಖೆಗೆ ಸಲಹೆಗಾರ್ತಿಯಾಗಿ, ಮಾನಸಿಕ ಚಿಕಿತ್ಸಾಲಯಗಳ ಒಳಕ್ಕೂ ಆಟವನ್ನು ಕೊಂಡೊಯ್ದರು. ಗೋಡೆಗಳ ನಡುವೆ ಸಮಾಜ ಮರೆತುಬಿಟ್ಟಿದ್ದ ಆ ಜನರಿಗೆ, ಸರದಿಗಾಗಿ ಕಾಯುವುದೂ ಎದುರಾಳಿಯ ಚಲನೆಯನ್ನು ಗಮನಿಸುವುದೂ ಪರರೊಡನೆ ಮತ್ತೆ ಬಾಳುವುದರ ಮೊದಲ ಪಾಠಗಳು.

ಬಾಯ್ಡರ ತತ್ತ್ವ ಸರಳವಾದದ್ದು. ಆಟದ ಕಟ್ಟಳೆಯನ್ನು ಮಗು ತಾನಾಗಿಯೇ ಒಪ್ಪಿಕೊಳ್ಳುತ್ತದೆ. ಹೊರಗಿನಿಂದ ಯಾರೂ ಹೇರಬೇಕಾದುದಿಲ್ಲ. ಸ್ವಾತಂತ್ರ್ಯವೂ ಸಂಯಮವೂ ಒಂದೇ ಕ್ಷಣದಲ್ಲಿ ಕೂಡಿಬರುವ ಸ್ಥಳವದು. ಬಹುಮಾನದ ಆಸೆಯನ್ನು ತೋರಿಸಿದರೆ ಈ ಸಮನ್ವಯ ಕೆಡುತ್ತದೆ. ಮನಸ್ಸು ಆಟವನ್ನು ಬಿಟ್ಟು ಫಲವನ್ನು ಹಿಡಿಯುತ್ತದೆ. ಆದ್ದರಿಂದಲೇ ಗೆಲುವೊಂದನ್ನೇ ದೊಡ್ಡದು ಮಾಡುವ ಸ್ಪರ್ಧೆಯನ್ನು ಅವರು ಮೆಚ್ಚಲಿಲ್ಲ.

1924ರಿಂದ 1927ರವರೆಗೆ ಅವರ ಶಿಷ್ಯೆಯಾಗಿದ್ದವರು ವಯೋಲಾ ಸ್ಪೋಲಿನ್. ಗುರುವಿನ ಆಟಗಳನ್ನು ನಟರ ಶಿಕ್ಷಣಕ್ಕೆ ಒಗ್ಗಿಸಿ, ಬರೆದಿಟ್ಟ ಮಾತಿಲ್ಲದೆ ರಂಗದ ಮೇಲೆಯೇ ಹುಟ್ಟುವ ಆಶುನಾಟಕಕ್ಕೆ ಆಕೆ ಶಾಸ್ತ್ರವೊಂದನ್ನು ಕಟ್ಟಿಕೊಟ್ಟರು. ಆ ಕುರಿತ ಸ್ಪೋಲಿನ್‌ರ ಗ್ರಂಥ ಪ್ರಕಟವಾದದ್ದು 1963ರಲ್ಲಿ. ಬಾಯ್ಡ್ ತೀರಿಕೊಂಡದ್ದೂ ಅದೇ ವರ್ಷದ ನವೆಂಬರಿನಲ್ಲಿ. ರಂಗಭೂಮಿ ಶಿಷ್ಯೆಯ ಹೆಸರನ್ನು ಹೆಚ್ಚಾಗಿ ನೆನೆಯುತ್ತದೆ. ಗುರುವಿಗೆ ಇದರಿಂದ ಕುಂದೇನೂ ಇಲ್ಲ.

ಇಂದು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಚಿಕಿತ್ಸಕ ಮನೋರಂಜನೆ ಪ್ರತ್ಯೇಕ ವ್ಯಾಸಂಗವಾಗಿ ಬೆಳೆದಿದೆ. ಪಠ್ಯಕ್ರಮ, ಪದವಿ, ಅರ್ಹತಾಪತ್ರಗಳೂ ಜೊತೆಗೆ ಬಂದಿವೆ. ಇವೆಲ್ಲ ಬೇಕಾದವೇ, ತರಬೇತಿಗಾಗಿ ಶಾಲೆ ತೆರೆದ ಬಾಯ್ಡರು ಇವನ್ನು ಅಲ್ಲಗಳೆಯುತ್ತಿರಲಿಲ್ಲವೆಂದೇ ನನ್ನ ಭಾವನೆ. ಆದರೆ ಔಷಧಿಯನ್ನು ಒಲ್ಲದವನಿಗೂ ಕುಡಿಸಬಹುದು; ಆಟವನ್ನು ಒಲ್ಲದವನಿಂದ ಆಡಿಸಲಾಗದು. ಆಡಿಸಿದರೆ ಅದು ಕವಾಯತಾದೀತು, ಆಟವಾಗದು. ಆಟವನ್ನು ಪಾಠವಾಗಿ ಹೇಳಬೇಕಾದ ಅಧ್ಯಾಪಕನೂ ಮದ್ದಾಗಿ ಕೊಡಬೇಕಾದ ಚಿಕಿತ್ಸಕನೂ ಮೊದಲು ಅರಿಯಬೇಕಾದದ್ದು ಇದನ್ನೇ.