ಮದರ್ ವೆರೋನಿಕಾ: ಶಿಕ್ಷಕಿಯರನ್ನು ರೂಪಿಸಿದ ಬದುಕು

ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಇಂಗ್ಲಿಷ್ ಮಾಧ್ಯಮದ ಯಾವ ಖಾಸಗಿ ಶಾಲೆಯನ್ನಾದರೂ ಜನ ಕಾನ್ವೆಂಟ್ ಎಂದೇ ಕರೆಯುತ್ತಾರೆ. ಬೋಧನಾಭ್ಯಾಸಕ್ಕೆಂದು ಹೋಗಿದ್ದ ಸರ್ಕಾರಿ ಶಾಲೆಯಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ನಾನು ಓದಿದ್ದು ಕಾನ್ವೆಂಟಿನಲ್ಲೇ ಎಂದು ಕೇಳಿದಳು. ಅಲ್ಲ ಎಂದು ಹೇಳಿ ಪಾಠ ಮುಂದುವರಿಸಿದೆ. ಆದರೆ ಆ ಪದದ ಅರ್ಥ ನನಗೂ ಸರಿಯಾಗಿ ತಿಳಿದಿರಲಿಲ್ಲ. ಕಾನ್ವೆಂಟ್ ಎಂದರೆ ಕ್ರೈಸ್ತ ಸನ್ಯಾಸಿನಿಯರು ಒಟ್ಟಾಗಿ ಬಾಳುವ ಮನೆ. ಅವರು ನಡೆಸಿದ ಶಾಲೆಗಳಿಗೂ ಕ್ರಮೇಣ ಅದೇ ಹೆಸರು ಅಂಟಿಕೊಂಡಿತು. ಈ ಅರ್ಥವನ್ನು ಹುಡುಕುತ್ತಾ ಹೋದಾಗ ಪರಿಚಯವಾದವರು, ಮಂಗಳೂರಿನ ಸಂತ ಆನ್ನರ ಕಾನ್ವೆಂಟಿನ ಹಿಂದಿರುವ ಮದರ್ ವೆರೋನಿಕಾ.

ಅವರ ಮೊದಲ ಹೆಸರು ಸೋಫಿ ಲೀವ್ಸ್. 1823ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಜನಿಸಿದರು. ತಂದೆ ಇಂಗ್ಲೆಂಡಿನ ಆಂಗ್ಲಿಕನ್ ಪಂಥದ ಪಾದ್ರಿ. ಸೋಫಿ 1850ರಲ್ಲಿ ಮಾಲ್ಟಾ ದ್ವೀಪದಲ್ಲಿ ಕ್ಯಾಥೊಲಿಕ್ ಪಂಥವನ್ನು ಸ್ವೀಕರಿಸಿದರು. ಪಾದ್ರಿಯ ಮಗಳಿಗೆ ಇದು ಸುಲಭದ ನಿರ್ಧಾರವಾಗಿರಲಿಲ್ಲ. ಮರುವರ್ಷ ಸಂತ ಜೋಸೆಫರ ಹೆಸರಿನ ಸೇವಾ ಸಭೆಯೊಂದನ್ನು ಸೇರಿ ಸಿಸ್ಟರ್ ವೆರೋನಿಕಾ ಆದರು.

1862ರಲ್ಲಿ ಅವರನ್ನು ಕಲ್ಲಿಕೋಟೆಯ ಶಾಲೆಯ ಕೆಲಸಕ್ಕೆ ಕಳುಹಿಸಲಾಯಿತು. ಪಶ್ಚಿಮ ಕರಾವಳಿಯಲ್ಲಿ ಆಗ ಹೆಣ್ಣುಮಕ್ಕಳ ಶಾಲೆಗಳು ಬಹಳ ಕಡಿಮೆ. ಇದ್ದ ಶಾಲೆಗಳಿಗೂ ಕಲಿಸುವ ಮಹಿಳೆಯರು ಸಿಗುತ್ತಿರಲಿಲ್ಲ. ಕರಾವಳಿಯಲ್ಲಿ ದುಡಿಯುತ್ತಿದ್ದ ಕಾರ್ಮೆಲ್ ಸಭೆಯ ಗುರು ಮರಿ ಎಫ್ರೆಮ್ ಅವರಿಗೂ ಇದೇ ಚಿಂತೆಯಿತ್ತು. ಕಾರ್ಮೆಲ್ ಸನ್ಯಾಸಿನಿಯರು ಮಠದ ಗೋಡೆಯೊಳಗೆ ಪ್ರಾರ್ಥನೆಯಲ್ಲಿ ಬದುಕುವವರು. ಅದೇ ಪ್ರಾರ್ಥನಾ ಜೀವನವನ್ನು ಉಳಿಸಿಕೊಂಡು ತರಗತಿಗೂ ಹೋಗುವ ಹೊಸ ಸಭೆಯೊಂದು ಬೇಕೆಂಬುದು ಅವರ ಯೋಜನೆ. ಆ ಹೊಣೆ ವೆರೋನಿಕಾರ ಪಾಲಿಗೆ ಬಂತು.

ಅವರು ನೇರವಾಗಿ ಶಾಲೆ ತೆರೆಯಲಿಲ್ಲ. ಫ್ರಾನ್ಸಿಗೆ ಹಿಂದಿರುಗಿ 1868ರ ಜುಲೈ 16ರಂದು ಬಯೋನ್ ಪಟ್ಟಣದಲ್ಲಿ ತರಬೇತಿಯ ಮನೆಯನ್ನು ತೆರೆದರು. ಭಾರತದ ಶಾಲೆಗಳಿಗೆ ಹೋಗಬೇಕಾದ ಯುವತಿಯರನ್ನು ಅಲ್ಲಿ ಸಿದ್ಧಗೊಳಿಸಿದರು. ಹೀಗೆ ಅಪೋಸ್ತಲಿಕ್ ಕಾರ್ಮೆಲ್ ಸಭೆ ಹುಟ್ಟಿತು. ಮರಿ ಎಫ್ರೆಮ್ ಅಷ್ಟರಲ್ಲಿ ಮಂಗಳೂರಿನ ಬಿಷಪ್ ಆಗಿದ್ದರು. 1870ರ ನವೆಂಬರ್ 19ರಂದು ಮದರ್ ಮರಿ ದೆಸಾಂಜ್ ಅವರ ನೇತೃತ್ವದ ಚಿಕ್ಕ ತಂಡ ಮಂಗಳೂರು ತಲುಪಿ ಬಾಲಕಿಯರಿಗೆ ಕಲಿಸಲು ತೊಡಗಿತು. ವೆರೋನಿಕಾ ಅವರೊಂದಿಗೆ ಬರಲಿಲ್ಲ. ಮುಂದಿನ ತಂಡವನ್ನು ಸಿದ್ಧಪಡಿಸಲು ಬಯೋನ್‌ನಲ್ಲೇ ಉಳಿದರು.

ಆದರೆ 1873ರಲ್ಲಿ ಮರಿ ಎಫ್ರೆಮ್ ತೀರಿಕೊಂಡರು. ಅದೇ ವರ್ಷ ಬಯೋನ್‌ನ ಮನೆಯೂ ಮುಚ್ಚಿತು. ಐದು ವರ್ಷಗಳ ಶ್ರಮ ಕಣ್ಣೆದುರೇ ನಿಂತುಹೋಯಿತು. ವೆರೋನಿಕಾ ಪೋ ಪಟ್ಟಣದ ಕಾರ್ಮೆಲ್ ಮಠಕ್ಕೆ ಮರಳಿ ಸಾಮಾನ್ಯ ಸನ್ಯಾಸಿನಿಯಾಗಿ ಬದುಕಿದರು. ಕೆಲವು ವರ್ಷ ಬೆತ್ಲೆಹೇಮಿನ ಮಠದಲ್ಲೂ ಇದ್ದರು. ಭಾರತಕ್ಕೆ ಮತ್ತೆ ಬರಲೇ ಇಲ್ಲ. 1906ರ ನವೆಂಬರ್ 16ರಂದು, 83ನೆಯ ವಯಸ್ಸಿನಲ್ಲಿ, ಪೋದಲ್ಲಿ ನಿಧನರಾದರು.

ಮುಚ್ಚಿದ್ದು ಬಯೋನ್‌ನ ಮನೆ ಮಾತ್ರ. ಮಂಗಳೂರಿಗೆ ಬಂದವರು ಹಿಂದಿರುಗಲಿಲ್ಲ. ಇಲ್ಲಿಯ ಯುವತಿಯರನ್ನು ಸೇರಿಸಿಕೊಂಡು ಕೆಲಸ ಬೆಳೆಸಿದರು. ಅದೇ ಸಭೆಯಿಂದ 1921ರಲ್ಲಿ ಸಂತ ಆಗ್ನೆಸ್ ಮಹಿಳಾ ಕಾಲೇಜು, 1943ರಲ್ಲಿ ಸಂತ ಆನ್ನರ ಶಿಕ್ಷಕರ ತರಬೇತಿ ಕಾಲೇಜು ಮಂಗಳೂರಿನಲ್ಲಿ ಆರಂಭವಾದವು. ಬಯೋನ್‌ನಲ್ಲಿ ನಿಂತುಹೋದ ಶಿಕ್ಷಕಿಯರ ತರಬೇತಿ ಎಪ್ಪತ್ತು ವರ್ಷಗಳ ನಂತರ ಕರಾವಳಿಯಲ್ಲಿ ಮತ್ತೆ ಕಾಲೇಜಾಗಿ ನಿಂತಿತು. 2014ರಲ್ಲಿ ಪೋಪ್ ಫ್ರಾನ್ಸಿಸ್ ಅವರು ವೆರೋನಿಕಾರನ್ನು ಪೂಜ್ಯರೆಂದು ಘೋಷಿಸಿದರು.

ಬೋಧನಾಭ್ಯಾಸದಲ್ಲಿ ನಾವು ಕೆಲವೇ ವಾರ ಒಂದು ಶಾಲೆಯಲ್ಲಿದ್ದು, ಕಲಿಸಿದ್ದರಲ್ಲಿ ಏನು ಉಳಿಯಿತೆಂದು ನೋಡುವ ಮೊದಲೇ ಹೊರಟುಬಿಡುತ್ತೇವೆ. ಒಮ್ಮೊಮ್ಮೆ ಇದೆಲ್ಲ ವ್ಯರ್ಥ ಎನಿಸುತ್ತದೆ. ನಮ್ಮನ್ನು ತಿದ್ದುವ ಅಧ್ಯಾಪಕರಿಗೂ ಹಾಗೆ ಅನಿಸುವ ದಿನಗಳಿರಬಹುದು. ಅಂಥ ದಿನ ನೆನೆಯಬೇಕಾದ ಬದುಕು ವೆರೋನಿಕಾರದು. ಆ ಹುಡುಗಿ ಮತ್ತೆ ಸಿಕ್ಕರೆ ಕಾನ್ವೆಂಟ್ ಎಂದರೇನೆಂದು ಈಗ ಸರಿಯಾಗಿ ಹೇಳಬಲ್ಲೆ.