ಅನುಮಾನವನ್ನು ಬಚ್ಚಿಡದ ಡಾರ್ವಿನ್

ಈ ಶಾಲೆಯಲ್ಲಿ ನಾನು ವಿಜ್ಞಾನ ಶಿಕ್ಷಕನಾಗಿದ್ದಾಗಿನ ಮಾತು. ಹತ್ತನೇ ತರಗತಿಗೆ ಜೀವವಿಕಾಸದ ಪಾಠ ನಡೆಯುತ್ತಿತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ಡಾರ್ವಿನ್ ದೇವರನ್ನು ನಂಬುತ್ತಿದ್ದನೇ ಎಂದು ಕೇಳಿದಳು. ತರಗತಿಯೆಲ್ಲ ನನ್ನ ಮುಖ ನೋಡಿತು. ಅದು ಪರೀಕ್ಷೆಗೆ ಬರುವುದಿಲ್ಲ, ಕೂತುಕೋ ಎಂದೆ. ಕೂತಳು. ಆ ವರ್ಷವಿಡೀ ಅವಳು ಮತ್ತೊಂದು ಪ್ರಶ್ನೆ ಕೇಳಲಿಲ್ಲ. ನನಗೆ ಉತ್ತರ ಸರಿಯಾಗಿ ಗೊತ್ತಿರಲಿಲ್ಲ ಎನ್ನುವುದು ಒಂದು ಕಾರಣ. ಮೇಷ್ಟ್ರು ಮಕ್ಕಳಿಗೆ ದೇವರಿಲ್ಲ ಅಂತ ಹೇಳಿಕೊಡುತ್ತಾರೆ ಎಂದು ಊರಲ್ಲಿ ಯಾರಾದರೂ ಅಂದಾರು ಎಂಬ ಅಳುಕು ಇನ್ನೊಂದು. ನಿವೃತ್ತಿಯ ನಂತರ ಡಾರ್ವಿನ್ನನ ಬದುಕನ್ನು ನಿಧಾನವಾಗಿ ಓದಿಕೊಂಡೆ. ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ, ಆ ಹುಡುಗಿಗೆ ಬಾಕಿ ಉಳಿಸಿಕೊಂಡಿದ್ದ ಉತ್ತರವನ್ನೇ ಬರೆಯೋಣ ಎನಿಸಿತು.

ಚಾರ್ಲ್ಸ್ ಡಾರ್ವಿನ್ ಹುಟ್ಟಿದ್ದು 1809ರ ಫೆಬ್ರವರಿ 12ರಂದು, ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ. ತಂದೆ ರಾಬರ್ಟ್ ಹೆಸರುವಾಸಿ ವೈದ್ಯರು. ಒಳಗೊಳಗೇ ದೇವರ ವಿಷಯದಲ್ಲಿ ನಂಬಿಕೆ ಇಲ್ಲದವರು, ಆದರೆ ಅದನ್ನು ಹೊರಗೆ ಆಡಿದವರಲ್ಲ. ತಾಯಿ ಸುಸಾನಾ ಮಕ್ಕಳನ್ನು ತಪ್ಪದೆ ಪ್ರಾರ್ಥನೆಗೆ ಕರೆದೊಯ್ಯುತ್ತಿದ್ದರು. ಚಾರ್ಲ್ಸನಿಗೆ ಎಂಟು ವರ್ಷವಾದಾಗ ಆಕೆ ತೀರಿಕೊಂಡರು. ಅಕ್ಕಂದಿರು ಹುಡುಗನನ್ನು ಸಾಕಿದರು.

ಮಗನೂ ವೈದ್ಯನಾಗಲಿ ಎಂದು ತಂದೆ 1825ರಲ್ಲಿ ಎಡಿನ್‌ಬರೊಗೆ ಕಳುಹಿಸಿದರು. ಆಗ ಅರಿವಳಿಕೆ ಔಷಧ ಇರಲಿಲ್ಲ. ಮಗುವೊಂದಕ್ಕೆ ಮಾಡುತ್ತಿದ್ದ ಶಸ್ತ್ರಚಿಕಿತ್ಸೆಯನ್ನು ನೋಡಲಾರದೆ ಚಾರ್ಲ್ಸ್ ಅರ್ಧಕ್ಕೇ ಹೊರಗೆ ಓಡಿದ. ಮತ್ತೆ ಆ ಕೋಣೆಗೆ ಕಾಲಿಡಲಿಲ್ಲ. ಹಾಗಾದರೆ ಪಾದ್ರಿಯಾಗಲಿ ಎಂದು ತಂದೆ ತೀರ್ಮಾನಿಸಿದರು. ಇಲ್ಲಿ ಹುಡುಗನ ಸ್ವಭಾವ ಗೊತ್ತಾಗುತ್ತದೆ. ಅವನು ತಕ್ಷಣ ಒಪ್ಪಲಿಲ್ಲ, ಯೋಚಿಸಲು ಸಮಯ ಕೇಳಿದ. ಕ್ರೈಸ್ತ ಧರ್ಮದ ತತ್ವಗಳ ಮೇಲಿನ ಪುಸ್ತಕಗಳನ್ನು ಓದಿ, ಇದನ್ನು ಮನಸಾರೆ ನಂಬಬಲ್ಲೆ ಎಂದು ತನಗೇ ಖಚಿತವಾದ ಮೇಲೆ 1828ರಲ್ಲಿ ಕೇಂಬ್ರಿಜ್ ಸೇರಿದ. ಅಲ್ಲಿ ಪಾದ್ರಿ ಪೇಲಿಯ ಪುಸ್ತಕಗಳು ಅವನಿಗೆ ಬಹಳ ಹಿಡಿಸಿದವು. ದಾರಿಯಲ್ಲಿ ಬಿದ್ದ ಗಡಿಯಾರ ಕಂಡರೆ ಅದನ್ನು ಮಾಡಿದವನು ಇದ್ದಾನೆಂದು ತಿಳಿಯುತ್ತೇವೆ, ಹಾಗೆಯೇ ಕಣ್ಣಿನಂಥ ಅಂಗವನ್ನು ಕಂಡರೆ ಸೃಷ್ಟಿಕರ್ತನಿದ್ದಾನೆಂದು ತಿಳಿಯಬೇಕು ಎನ್ನುವುದು ಪೇಲಿಯ ವಾದ. ಮುಂದೆ ಆ ವಾದವನ್ನು ಬುಡಮೇಲು ಮಾಡಿದವನು ಒಂದು ಕಾಲಕ್ಕೆ ಅದರ ಭಕ್ತನಾಗಿದ್ದ.

ಸಸ್ಯಶಾಸ್ತ್ರದ ಗುರು ಹೆನ್ಸ್ಲೊ ಅವರ ಶಿಫಾರಸಿನಿಂದ ಬೀಗಲ್ ಹಡಗಿನಲ್ಲಿ ಹೋಗುವ ಅವಕಾಶ ಬಂತು. ತಂದೆ ಬೇಡವೆಂದರು. ಸೋದರಮಾವ ಜೊಸಾಯ ವೆಜ್‌ವುಡ್ ಮಧ್ಯೆ ಬಂದು ಭಾವನನ್ನು ಒಪ್ಪಿಸಿದರು. 1831ರ ಡಿಸೆಂಬರ್ 27ರಂದು ಹೊರಟ ಹಡಗು ಮರಳಿದ್ದು 1836ರ ಅಕ್ಟೋಬರಿನಲ್ಲಿ. ಹೊರಟಾಗ ಡಾರ್ವಿನ್ನನ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ, ಒಂದು ನೀತಿಯ ಪ್ರಶ್ನೆಗೆ ಬೈಬಲ್ಲನ್ನೇ ಕಡೆಯ ಮಾತೆಂದು ಎತ್ತಿ ಹೇಳಿ, ಹಡಗಿನ ಅಧಿಕಾರಿಗಳಿಂದ ನಗೆಗೀಡಾಗಿದ್ದ.

ಬ್ರೆಜಿಲಿನಲ್ಲಿ ಗುಲಾಮರ ಬದುಕು ಕಂಡು ಅವನ ಮನಸ್ಸು ಕಲಕಿತು. ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್ ಗುಲಾಮಗಿರಿಯಲ್ಲಿ ತಪ್ಪು ಕಾಣುತ್ತಿರಲಿಲ್ಲ. ಒಬ್ಬ ಧಣಿ ತನ್ನ ಗುಲಾಮರನ್ನು ಕರೆಸಿ ಬಿಡುಗಡೆ ಬೇಕೇ ಎಂದು ಕೇಳಿದಾಗ ಎಲ್ಲರೂ ಬೇಡವೆಂದರು ಎಂದು ಆತ ಹೇಳಿದ. ಧಣಿಯ ಎದುರು ನಿಂತು ಕೊಟ್ಟ ಉತ್ತರಕ್ಕೆ ಬೆಲೆ ಏನು ಎಂದು ಡಾರ್ವಿನ್ ಕೇಳಿಬಿಟ್ಟ. ಕ್ಯಾಪ್ಟನ್ ಸಿಟ್ಟಿನಿಂದ ಕೆಂಡವಾಗಿ, ಇನ್ನು ಒಟ್ಟಿಗೆ ಇರಲಾಗದು ಎಂದ. ಕೆಲವು ಗಂಟೆಗಳಲ್ಲೇ ಕ್ಷಮೆ ಕೇಳಿ ಮತ್ತೆ ಊಟಕ್ಕೆ ಕರೆದ. ಅದೇ ಬ್ರೆಜಿಲಿನ ಕಾಡಿನಲ್ಲಿ ನಿಂತಾಗ ಡಾರ್ವಿನ್ನನಿಗೆ ದೇವಸ್ಥಾನದಲ್ಲಿ ನಿಂತಂಥ ಭಾವ ಬಂದಿತ್ತು. ಮುಪ್ಪಿನಲ್ಲಿ ಅದನ್ನು ನೆನೆದು, ಈಗ ಅಂಥ ದೃಶ್ಯ ಕಂಡರೂ ಆ ಭಾವ ಹುಟ್ಟುವುದಿಲ್ಲ ಎಂದು ಬರೆದುಕೊಂಡ.

ಊರಿಗೆ ಬಂದ ಮುಂದಿನ ಎರಡು ವರ್ಷ ಅವನ ತಲೆಯಲ್ಲಿ ಎರಡು ಯೋಚನೆಗಳು ಒಟ್ಟಿಗೆ ನಡೆದವು. ಜೀವಜಾತಿಗಳು ಸ್ಥಿರವಲ್ಲ, ಕಾಲಾಂತರದಲ್ಲಿ ಬದಲಾಗುತ್ತವೆ ಎನ್ನುವುದು ಒಂದು. ಬೈಬಲ್ಲಿನ ಪವಾಡಗಳನ್ನು ಅಕ್ಷರಶಃ ನಂಬಲು ಸಾಕ್ಷ್ಯ ಎಲ್ಲಿದೆ ಎನ್ನುವುದು ಇನ್ನೊಂದು. ಇದೇ ಹೊತ್ತಿಗೆ, 1838ರ ನವೆಂಬರಿನಲ್ಲಿ, ಸೋದರಮಾವ ಜೊಸಾಯನ ಮಗಳು ಎಮ್ಮಾಳೊಂದಿಗೆ ಮದುವೆ ನಿಶ್ಚಯವಾಯಿತು. ಎಮ್ಮಾ ದೈವಭಕ್ತೆ. ನಿನ್ನ ಅನುಮಾನಗಳನ್ನು ಹೆಂಡತಿಯಿಂದ ಮುಚ್ಚಿಡು, ಗಂಡನಿಗೆ ಪರಲೋಕದಲ್ಲಿ ಗತಿ ಇಲ್ಲವೇನೋ ಎಂದು ಕೊರಗಿದ ಹೆಂಗಸರನ್ನು ನಾನು ಕಂಡಿದ್ದೇನೆ ಎಂದು ತಂದೆ ಎಚ್ಚರಿಸಿದರು. ಅನುಭವಿ ವೈದ್ಯರ ಮಾತು, ಮಗನ ಸುಖಕ್ಕಾಗಿ ಹೇಳಿದ್ದು. ಚಾರ್ಲ್ಸ್ ಅದನ್ನು ಕೇಳಲಿಲ್ಲ. ಮದುವೆಗೆ ಮುಂಚೆಯೇ ಎಮ್ಮಾಳಿಗೆ ಎಲ್ಲವನ್ನೂ ಹೇಳಿದ.

ಎಮ್ಮಾ ನೊಂದಳು, ಆದರೆ ಮದುವೆ ಮುರಿಯಲಿಲ್ಲ. ಹೇಳಿದ್ದಕ್ಕೆ ಕೃತಜ್ಞತೆ ತಿಳಿಸಿ, ಯೇಸು ಶಿಷ್ಯರಿಂದ ಬೀಳ್ಕೊಳ್ಳುವ ಮಾತುಗಳನ್ನು ಯೋಹಾನನ ಸುವಾರ್ತೆಯಲ್ಲಿ ನನಗಾಗಿ ಓದು ಎಂದು ಪತ್ರ ಬರೆದಳು. 1839ರ ಜನವರಿ 29ರಂದು ಮದುವೆಯಾಯಿತು. ಕೆಲವೇ ದಿನಗಳಲ್ಲಿ, ಒಂದೇ ಮನೆಯಲ್ಲಿದ್ದೂ, ಇನ್ನೊಂದು ಪತ್ರ ಬರೆದಳು. ಬಾಯಲ್ಲಿ ಆಡಲಾಗದ್ದನ್ನು ಕಾಗದದಲ್ಲಿ ಇಟ್ಟಳು. ಪ್ರಾಮಾಣಿಕವಾಗಿ ಸತ್ಯ ಹುಡುಕುತ್ತಿರುವ ನೀನು ತಪ್ಪು ದಾರಿಯಲ್ಲಿ ಇರಲಾರೆ ಎಂದು ನಂಬುತ್ತೇನೆ. ಆದರೆ ರುಜುವಾತಾಗುವ ತನಕ ಏನನ್ನೂ ಒಪ್ಪದ ವಿಜ್ಞಾನದ ಅಭ್ಯಾಸ, ರುಜುವಾತಿಗೆ ಸಿಗದ ವಿಷಯಗಳಿಗೂ ಹಬ್ಬಿಬಿಟ್ಟರೆ ಎಂಬ ಭಯ ನನಗಿದೆ ಎನ್ನುವುದು ಅದರ ಸಾರ. ಸತ್ತ ಮೇಲೂ ಇಬ್ಬರೂ ಒಟ್ಟಿಗಿರಬೇಕೆಂಬ ಆಸೆ ಅದರ ಕೊನೆಯಲ್ಲಿತ್ತು. ಡಾರ್ವಿನ್ ಆ ಪತ್ರವನ್ನು ಬದುಕಿರುವಷ್ಟು ಕಾಲ ಜೋಪಾನ ಮಾಡಿದ. ಇದಕ್ಕೆ ಎಷ್ಟೋ ಸಲ ಮುತ್ತಿಟ್ಟು ಅತ್ತಿದ್ದೇನೆ ಎಂಬರ್ಥದ ಸಾಲನ್ನು ಕೆಳಗೆ ತನ್ನ ಕೈಯಲ್ಲೇ ಬರೆದಿಟ್ಟ.

1842ರಲ್ಲಿ ಸಂಸಾರ ಕೆಂಟ್ ಪ್ರಾಂತ್ಯದ ಡೌನ್ ಎಂಬ ಹಳ್ಳಿಗೆ ಬಂತು. ಎರಡು ವರ್ಷದ ನಂತರ ಡಾರ್ವಿನ್ ತನ್ನ ಸಿದ್ಧಾಂತವನ್ನು ದೀರ್ಘ ಪ್ರಬಂಧವಾಗಿ ಬರೆದ. ಗೆಳೆಯ ಹೂಕರ್‌ಗೆ ವಿಷಯ ತಿಳಿಸುವಾಗ ಕೊಲೆಯನ್ನು ಒಪ್ಪಿಕೊಂಡಷ್ಟು ಅಂಜಿದ. ಪ್ರಕಟಿಸುವ ಧೈರ್ಯ ಬರಲಿಲ್ಲ. ತಾನು ಆಕಸ್ಮಿಕವಾಗಿ ಸತ್ತರೆ ಪ್ರಬಂಧವನ್ನು ಅಚ್ಚು ಮಾಡಿಸುವ ಹೊಣೆಯನ್ನು, ಅದಕ್ಕೆ 400 ಪೌಂಡ್ ಗೊತ್ತುಮಾಡಿ, ಪತ್ರ ಬರೆದು ಒಪ್ಪಿಸಿದ್ದು ಯಾರಿಗೆ? ಆ ಸಿದ್ಧಾಂತದಿಂದ ಮನಸ್ಸಿಗೆ ನೋವಾಗಬಹುದಾದ ಎಮ್ಮಾಳಿಗೇ. ಅವಳು ಹಸ್ತಪ್ರತಿ ಓದಿ, ಒಪ್ಪಿಗೆಯಾಗದ ಕಡೆ ಅಂಚಿನಲ್ಲಿ ಟಿಪ್ಪಣಿ ಹಾಕಿದಳು.

ಅವರಿಗೆ ಹತ್ತು ಮಕ್ಕಳು. ಎರಡನೆಯವಳು ಆನಿ, ಅಪ್ಪನ ಕಣ್ಮಣಿ. 1850ರ ಬೇಸಗೆಯಿಂದ ಅವಳ ಆರೋಗ್ಯ ಕೆಟ್ಟಿತು. ಮರುವರ್ಷ ಮಾಲ್ವರ್ನ್ ಎಂಬ ಊರಿಗೆ ಜಲಚಿಕಿತ್ಸೆಗೆಂದು ಕರೆದೊಯ್ದರು. ಎಮ್ಮಾ ತುಂಬು ಗರ್ಭಿಣಿ, ಮನೆ ಬಿಡುವಂತಿರಲಿಲ್ಲ. ಮಗಳ ಹಾಸಿಗೆಯ ಪಕ್ಕ ಕೂತು ಚಾರ್ಲ್ಸ್ ದಿನವೂ ಹೆಂಡತಿಗೆ ಪತ್ರ ಬರೆದ: ಇವತ್ತು ಇಷ್ಟು ಗಂಜಿ ಕುಡಿದಳು, ಇಷ್ಟು ವಾಂತಿಯಾಯಿತು, ನೀರು ಕೊಟ್ಟರೆ ಎಷ್ಟು ನಯವಾಗಿ ಮಾತಾಡಿದಳು. 1851ರ ಏಪ್ರಿಲ್ 23ರಂದು, ಹತ್ತು ವರ್ಷದ ಆನಿ ತೀರಿಕೊಂಡಳು. ಒಂದು ವಾರದ ನಂತರ ಡಾರ್ವಿನ್ ಅವಳ ನಗು, ನಡೆ, ತನ್ನ ಜೊತೆ ತೋಟದಲ್ಲಿ ಸುತ್ತುತ್ತಿದ್ದ ರೀತಿ ಎಲ್ಲವನ್ನೂ ಮರೆಯಬಾರದೆಂದು ಬರೆದಿಟ್ಟ. ಉಳಿದಿದ್ದ ಅವನ ನಂಬಿಕೆ ಆ ಹಾಸಿಗೆಯ ಪಕ್ಕದಲ್ಲೇ ಕೊನೆಗೊಂಡಿತು ಎನ್ನುವ ಚರಿತ್ರಕಾರರಿದ್ದಾರೆ. ಅದು ಮೊದಲೇ ಸವೆದುಹೋಗಿತ್ತು ಎನ್ನುವವರೂ ಇದ್ದಾರೆ. ತನ್ನ ಅಪನಂಬಿಕೆ ಬಹಳ ನಿಧಾನವಾಗಿ, ಗೊತ್ತೇ ಆಗದಂತೆ ಬಂತು ಎಂದು ಡಾರ್ವಿನ್ ಮುಂದೆ ಬರೆದುಕೊಂಡ. ಎಮ್ಮಾ ಮಗಳ ಬರವಣಿಗೆಯ ಪೆಟ್ಟಿಗೆಯಲ್ಲಿ ಅವಳ ಪುಟ್ಟ ವಸ್ತುಗಳನ್ನಿಟ್ಟು ಕೊನೆಯತನಕ ಕಾಪಾಡಿದಳು, ಮಕ್ಕಳನ್ನು ಕರೆದುಕೊಂಡು ಚರ್ಚಿಗೆ ಹೋಗುವುದನ್ನೂ ಬಿಡಲಿಲ್ಲ. ಅದೇ ದುಃಖದಿಂದ ಇಬ್ಬರೂ ಎರಡು ದಾರಿ ಹಿಡಿದರು. ಮನೆ ಮಾತ್ರ ಒಂದೇ ಆಗಿ ಉಳಿಯಿತು.

1858ರಲ್ಲಿ ವಾಲೇಸ್ ಎಂಬ ತರುಣ ವಿಜ್ಞಾನಿ ಅದೇ ಸಿದ್ಧಾಂತವನ್ನು ಸ್ವತಂತ್ರವಾಗಿ ಕಂಡುಕೊಂಡು ಡಾರ್ವಿನ್ನನಿಗೇ ಬರೆದು ಕಳುಹಿಸಿದ. ಇನ್ನು ಸುಮ್ಮನಿರುವಂತಿರಲಿಲ್ಲ. ಜೀವಿಪ್ರಭೇದಗಳ ಉಗಮವನ್ನು ಕುರಿತ ಅವನ ಪ್ರಸಿದ್ಧ ಗ್ರಂಥ 1859ರ ನವೆಂಬರ್ 24ರಂದು ಹೊರಬಂತು. ದೊಡ್ಡ ಗದ್ದಲವೆದ್ದಿತು. ಮರುವರ್ಷದ ಎರಡನೇ ಮುದ್ರಣದಲ್ಲಿ, ಪುಸ್ತಕದ ಕೊನೆಯ ವಾಕ್ಯಕ್ಕೆ ಅವನು ಸೃಷ್ಟಿಕರ್ತ ಎಂಬ ಪದ ಸೇರಿಸಿದ. ಜನರ ಅಭಿಪ್ರಾಯಕ್ಕೆ ಬಾಗಿ ಇಂಥ ಮಾತು ಬಳಸಿದ್ದಕ್ಕೆ ವಿಷಾದವಿದೆ ಎಂದು 1863ರಲ್ಲಿ ಹೂಕರ್‌ಗೆ ಬರೆದ. ಪದ ಮಾತ್ರ ಮುಂದಿನ ಮುದ್ರಣಗಳಲ್ಲೂ ಉಳಿಯಿತು. ಅಳುಕಿದ್ದನ್ನು ಅವನು ಗೆಳೆಯನ ಮುಂದೆ ಒಪ್ಪಿಕೊಂಡ ಎನ್ನುವುದನ್ನು ಓದಿದಾಗ, ಅಂದಿನ ನನ್ನ ತರಗತಿ ನೆನಪಾಯಿತು.

ಅವನ ಅತ್ಯಂತ ಮುಕ್ತ ಮಾತುಕತೆ ನಡೆದದ್ದು ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇ ಜೊತೆ, ಪತ್ರಗಳಲ್ಲಿ. ಗ್ರೇ ಶ್ರದ್ಧಾವಂತ ಕ್ರೈಸ್ತ, ಅಷ್ಟೇ ಗಟ್ಟಿಯಾಗಿ ಡಾರ್ವಿನ್ನನ ಸಿದ್ಧಾಂತದ ಬೆಂಬಲಿಗ. ವಿಕಾಸವೇ ದೇವರ ಕೆಲಸದ ವಿಧಾನ ಎನ್ನುವುದು ಅವನ ನಿಲುವು. ಡಾರ್ವಿನ್ ತನ್ನ ಕಷ್ಟ ಹೇಳಿಕೊಂಡ. ಒಂದು ಜಾತಿಯ ಕಣಜದ ಮರಿಗಳು ಜೀವಂತ ಕಂಬಳಿಹುಳುವಿನ ದೇಹದೊಳಗೇ ಇದ್ದು ಅದನ್ನು ತಿಂದು ಬೆಳೆಯುತ್ತವೆ. ಕರುಣಾಮಯಿ ದೇವರು ಇದನ್ನು ಬೇಕೆಂದೇ ಸೃಷ್ಟಿಸಿದ ಎಂದು ಒಪ್ಪಲು ಅವನಿಂದ ಆಗಲಿಲ್ಲ. ಹಾಗೆಂದು ಈ ವಿಶ್ವವೆಲ್ಲ, ಮನುಷ್ಯನ ಮನಸ್ಸೂ ಸೇರಿ, ಕುರುಡು ಶಕ್ತಿಯ ಫಲ ಎನ್ನಲೂ ಮನಸ್ಸು ಒಪ್ಪಲಿಲ್ಲ. ನ್ಯೂಟನ್ನನ ಬುದ್ಧಿಯನ್ನು ನಾಯಿ ಅಳೆಯಹೊರಟಂತೆ, ಇದು ಮನುಷ್ಯನ ಅಳತೆಗೆ ಮೀರಿದ್ದು, ಅವರವರಿಗೆ ಆದದ್ದನ್ನು ಅವರವರು ನಂಬಲಿ ಎಂದು ಬರೆದ. ಗ್ರೇಯ ಲೇಖನಗಳನ್ನು ತನ್ನ ಖರ್ಚಿನಲ್ಲೇ ಇಂಗ್ಲೆಂಡಿನಲ್ಲಿ ಅಚ್ಚು ಹಾಕಿಸಿ ಹಂಚಿದ. 1868ರ ಪುಸ್ತಕದಲ್ಲಿ ಮಾತ್ರ, ಗೆಳೆಯನ ವಾದವನ್ನು ಒಪ್ಪಲಾರೆ ಎಂದು ಹೆಸರು ಹೇಳಿಯೇ ಬರೆದ. ಸ್ನೇಹ ಕೆಡಲಿಲ್ಲ.

ಹಳ್ಳಿಯಲ್ಲೂ ಹಾಗೆಯೇ. ಚರ್ಚಿಗೆ ಹೋಗದ ಡಾರ್ವಿನ್, ಅಲ್ಲಿನ ಪಾದ್ರಿ ಬ್ರೋಡಿ ಇನ್ನಿಸ್‌ನ ಆಪ್ತ. ನಮ್ಮೂರಿನ ಸಂಘಗಳಂತೆ ಡೌನ್‌ನಲ್ಲಿ ಕೂಲಿಕಾರರು ಹಣ ಕಟ್ಟಿ ಕಾಯಿಲೆಕಸಾಲೆಗೆ ನೆರವು ಪಡೆಯುವ ಸಂಘವಿತ್ತು. ಡಾರ್ವಿನ್ ಸುಮಾರು 30 ವರ್ಷ ಅದರ ಖಜಾಂಚಿ, ಲೆಕ್ಕ ತಾನೇ ನೋಡುತ್ತಿದ್ದ. ಊರಿನ ಶಾಲೆಯ ಕೆಲಸಕ್ಕೂ ಪಾದ್ರಿಯೊಂದಿಗೆ ಕೈಜೋಡಿಸಿದ. ಇಷ್ಟು ವರ್ಷಗಳ ಸ್ನೇಹದಲ್ಲಿ ನಾವಿಬ್ಬರೂ ಪೂರ್ತಿ ಒಪ್ಪಿದ್ದು ಒಂದೇ ಒಂದು ಸಲ, ಆಗ ಇಬ್ಬರಲ್ಲಿ ಯಾರಿಗೋ ಹುಷಾರಿಲ್ಲವೇನೋ ಎಂದು ಪರಸ್ಪರ ಮುಖ ನೋಡಿಕೊಂಡೆವು ಎಂದು ಅವನು ತಮಾಷೆ ಮಾಡುತ್ತಿದ್ದ. ಕೊನೆಯ ವರ್ಷಗಳಲ್ಲಿ ಫೇಗನ್ ಎಂಬ ಧರ್ಮಪ್ರಚಾರಕ ಹಳ್ಳಿಗೆ ಬಂದು ಕುಡುಕರ ಕುಡಿತ ಬಿಡಿಸಿದಾಗ, ಡಾರ್ವಿನ್ ತನ್ನ ಸುಪರ್ದಿನಲ್ಲಿದ್ದ ವಾಚನಾಲಯವನ್ನು ಅವನ ಪ್ರಾರ್ಥನಾ ಸಭೆಗಳಿಗೆ ಬಿಟ್ಟುಕೊಟ್ಟ.

ದೇವರ ಬಗ್ಗೆ ಕೇಳಿ ಅವನಿಗೆ ಊರೂರಿಂದ ಪತ್ರ ಬರುತ್ತಿದ್ದವು. 1879ರಲ್ಲಿ ಒಬ್ಬರಿಗೆ ಉತ್ತರಿಸುತ್ತ, ಒಬ್ಬನೇ ಮನುಷ್ಯ ದೈವಭಕ್ತನೂ ವಿಕಾಸವಾದಿಯೂ ಆಗಿರಬಹುದು ಎಂದ. ತಾನು ದೇವರೇ ಇಲ್ಲ ಎನ್ನುವ ಅರ್ಥದ ನಾಸ್ತಿಕ ಎಂದೂ ಆಗಿರಲಿಲ್ಲ, ತನ್ನ ಮನಸ್ಸು ಆಗಾಗ ಹೊಯ್ದಾಡುತ್ತದೆ, ಅಜ್ಞೇಯತಾವಾದಿ, ಅಂದರೆ ತಿಳಿಯಲಾರೆ ಎನ್ನುವವನು, ಎನ್ನುವುದು ತನಗೆ ಹೆಚ್ಚು ಹೊಂದುವ ಹೆಸರು ಎಂದ. ಮರುವರ್ಷ ಏವ್ಲಿಂಗ್ ಎಂಬ ನಾಸ್ತಿಕ ಲೇಖಕ ತನ್ನ ಪುಸ್ತಕವನ್ನು ಅರ್ಪಿಸಲು ಅನುಮತಿ ಕೇಳಿದಾಗ ಒಪ್ಪಲಿಲ್ಲ. ಧರ್ಮದ ಮೇಲೆ ನೇರ ದಾಳಿ ಮಾಡುವುದರಿಂದ ಫಲವಿಲ್ಲ, ವಿಜ್ಞಾನ ಹರಡಿದಂತೆ ಜನರ ಮನಸ್ಸು ತಾನಾಗಿ ಬೆಳಗುತ್ತದೆ ಎಂದ. ಮನೆಯವರಲ್ಲಿ ಕೆಲವರಿಗೆ ನೋವಾದೀತು ಎಂಬುದನ್ನೂ ಮುಚ್ಚಿಡಲಿಲ್ಲ. 1881ರ ಸೆಪ್ಟೆಂಬರಿನಲ್ಲಿ ಅದೇ ಏವ್ಲಿಂಗ್, ಜರ್ಮನಿಯ ನಾಸ್ತಿಕ ಬ್ಯೂಕ್ನರ್ ಜೊತೆ ಡೌನ್‌ಗೆ ಬಂದ. ಊಟದ ಮೇಜಿನಲ್ಲಿ ಎಮ್ಮಾಳೂ ಇದ್ದಳು, ಪಾದ್ರಿ ಇನ್ನಿಸ್ ಕೂಡ ಇದ್ದ.

ಆ ವರ್ಷವೇ ಅವನ ಕೊನೆಯ ಪುಸ್ತಕ ಬಂತು. ಅದು ಎರೆಹುಳುಗಳ ಬಗ್ಗೆ, ಅವು ಸದ್ದಿಲ್ಲದೆ ಮಣ್ಣನ್ನು ಹೊಸದು ಮಾಡುವ ಬಗ್ಗೆ. 1882ರ ಏಪ್ರಿಲ್ 19ರಂದು ಡಾರ್ವಿನ್ ಮನೆಯಲ್ಲೇ ತೀರಿಕೊಂಡ, ಎಮ್ಮಾ ಪಕ್ಕದಲ್ಲಿದ್ದಳು. ಅವನನ್ನು ಮಣ್ಣು ಮಾಡಿದ್ದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಚರ್ಚಿನಲ್ಲಿ, ನ್ಯೂಟನ್ನನ ಸಮಾಧಿಯ ಬಳಿ. ಸಾಯುವ ಮುಂಚೆ ಅವನು ಸಿದ್ಧಾಂತವನ್ನು ಕೈಬಿಟ್ಟು ಮತ್ತೆ ಬೈಬಲ್ ಹಿಡಿದ ಎಂಬ ಕಥೆಯನ್ನು 1915ರಲ್ಲಿ ಒಬ್ಬಾಕೆ ಹಬ್ಬಿಸಿದಳು. ಅದು ಸುಳ್ಳೆಂದು ಅವನ ಮಕ್ಕಳೇ ಸಾರಿದರು. ಮಕ್ಕಳಿಗಾಗಿ ಬರೆದಿಟ್ಟ ಆತ್ಮಕಥೆ 1887ರಲ್ಲಿ ಅಚ್ಚಾದಾಗ, ಧರ್ಮದ ಮೇಲಿನ ಕೆಲವು ಕಟು ಮಾತುಗಳನ್ನು ಎಮ್ಮಾಳ ಇಚ್ಛೆಯಂತೆ ಬಿಡಲಾಯಿತು. ಮೊಮ್ಮಗಳು ನೋರಾ ಬಾರ್ಲೊ 1958ರಲ್ಲಿ ಅವನ್ನೆಲ್ಲ ಸೇರಿಸಿ ಪೂರ್ತಿಯಾಗಿ ಪ್ರಕಟಿಸಿದಳು.

ಹಾಗಾದರೆ ಉತ್ತರ ಇದು, ಮಗಳೇ. ಡಾರ್ವಿನ್ ಚಿಕ್ಕಂದಿನಲ್ಲಿ ನಂಬಿದ್ದ. ದೊಡ್ಡವನಾದಂತೆ ಆ ನಂಬಿಕೆ ಕಳೆದುಕೊಂಡ. ದೇವರಿಲ್ಲ ಎಂದು ಮಾತ್ರ ಎಂದೂ ಸಾರಲಿಲ್ಲ, ಗೊತ್ತಿಲ್ಲ ಎಂದ. ಅದನ್ನು ತನಗೆ ಅತ್ಯಂತ ಹತ್ತಿರದವಳಿಗೆ ಮೊದಲೇ ಹೇಳಿದ, ಅವಳ ನಂಬಿಕೆಯನ್ನು ಕೆಣಕದೆ 43 ವರ್ಷ ಜೊತೆಗೆ ಬಾಳಿದ. ನೀನೀಗ ಎಲ್ಲಿದ್ದೀಯೋ, ನಿನ್ನ ಮಕ್ಕಳು ಯಾವ ತರಗತಿಯಲ್ಲಿದ್ದಾರೋ ತಿಳಿಯದು. ಅಂದು ನಾನು ಗೊತ್ತಿಲ್ಲ, ಓದಿ ಹೇಳುತ್ತೇನೆ ಎನ್ನಬೇಕಿತ್ತು. ನಿನ್ನ ಮಕ್ಕಳು ಇಂಥದ್ದೇ ಪ್ರಶ್ನೆ ಕೇಳಿದರೆ ನೀನು ಹಾಗೆ ಹೇಳು. ಕೂತುಕೋ ಎನ್ನಬೇಡ.